ಪ್ರಸಾದಕಾಯವೂ ತೂಕವಿಳಿಸುವ ಔಷಧವೂ

ಶರಣಧರ್ಮದಲ್ಲಿ ಶರೀರಕ್ಕಿರುವ ಸ್ಥಾನವು ವಿಶಿಷ್ಟವಾದುದು. ಕೆಲವು ಮತಗಳು ದೇಹವನ್ನು ಆತ್ಮನ ಸೆರೆಮನೆಯೆಂದು ಹಳಿದುವು. ಲೋಕದ ಭೋಗಿಗಳು ಅದನ್ನೇ ಸರ್ವಸ್ವವೆಂದು ಬಗೆದರು. ಬಸವಾದಿ ಪ್ರಮಥರು ಈ ಎರಡು ದಾರಿಗಳನ್ನೂ ಬಿಟ್ಟರು. ಅಂಗದ ಮೇಲೆ ಲಿಂಗವನ್ನು ಧರಿಸಿದ ಬಳಿಕ ಅಂಗವು ಹೀನವಸ್ತುವಾಗಿ ಉಳಿಯುವುದಿಲ್ಲ. ಅದು ಲಿಂಗದ ನೆಲೆಯಾಗುತ್ತದೆ. ಕಾಯಕವು ನಡೆಯುವುದು ಈ ಕಾಯದಿಂದ. ದಾಸೋಹವು ಸಲ್ಲುವುದು ಈ ಕೈಗಳಿಂದ. ಲಿಂಗಕ್ಕೆ ಅರ್ಪಿಸಿದುದನ್ನೇ ಸ್ವೀಕರಿಸುವ ಭಕ್ತನ ದೇಹವನ್ನು ಪ್ರಸಾದಕಾಯವೆಂದು ಕರೆದುದು ಇದೇ ಕಾರಣದಿಂದ. ಆದುದರಿಂದ ಕಾಯವನ್ನು ಕಡೆಗಣಿಸುವುದೂ ತಪ್ಪು, ಅದನ್ನು ಕನ್ನಡಿಯ ಮುಂದೆ ನಿಲ್ಲಿಸಿ ಆರಾಧಿಸುವುದೂ ತಪ್ಪು.

ಈ ತತ್ತ್ವವನ್ನು ಬಾಯಿಂದ ಒಪ್ಪುವುದು ಸುಲಭ. ಹೊಸದೊಂದು ಸಾಧನವು ಮನೆಬಾಗಿಲಿಗೆ ಬಂದಾಗ ಅದನ್ನು ಒರೆಗೆ ಹಚ್ಚುವುದು ಕಷ್ಟ. ಅಂಥ ಸಾಧನವೊಂದು ಈಚೆಗೆ ಅನೇಕ ಸದ್ಭಕ್ತರ ಮನೆಗಳನ್ನು ಹೊಕ್ಕಿದೆ. ವಾರಕ್ಕೊಮ್ಮೆ ಹೊಟ್ಟೆಯ, ತೊಡೆಯ ಅಥವಾ ತೋಳಿನ ಚರ್ಮದ ಕೆಳಗೆ ಚುಚ್ಚಿಕೊಂಡರೆ ಹಸಿವನ್ನು ಅಡಗಿಸಿ ದೇಹದ ತೂಕವನ್ನು ಇಳಿಸುವ ಔಷಧಗಳು ಅವು. ಅವುಗಳಲ್ಲಿ ಮುಖ್ಯವಾದುವು ಎರಡು. ಟಿರ್ಜೆಪಟೈಡ್ ಎಂಬುದು ಮೌಂಜಾರೊ ಎಂಬ ಹೆಸರಿನಿಂದ ೨೦೨೫ರ ಮಾರ್ಚಿನಲ್ಲಿಯೂ, ಸೆಮಾಗ್ಲುಟೈಡ್ ಎಂಬುದು ತೂಕವಿಳಿಸುವ ಔಷಧವಾಗಿ ವೆಗೋವಿ ಎಂಬ ಹೆಸರಿನಿಂದ ಅದೇ ವರ್ಷದ ಜೂನಿನಲ್ಲಿಯೂ ಭಾರತದ ಪೇಟೆಗೆ ಬಂದುವು. ಅಂದಿನಿಂದ ಮದುವೆಯ ಚಪ್ಪರದಲ್ಲಿ, ಅಂಗಡಿಯ ಕಟ್ಟೆಯಲ್ಲಿ, ಮಠದ ಪಂಕ್ತಿಯಲ್ಲಿ ಸಹ ಒಂದೇ ಪ್ರಶ್ನೆ ಕೇಳಿಬರುತ್ತಿದೆ: ಎರಡರಲ್ಲಿ ಯಾವುದು ಮೇಲು?

ಈ ಪ್ರಶ್ನೆಗೆ ವೈದ್ಯಶಾಸ್ತ್ರವು ಕೊಡುವ ಉತ್ತರವನ್ನು ಮೊದಲು ತಿಳಿಯತಕ್ಕದ್ದು. ಉಂಡ ಅನ್ನವು ಕರುಳನ್ನು ಮುಟ್ಟಿದಾಗ ಅಲ್ಲಿಂದ ಜಿಎಲ್‌ಪಿ-೧ ಎಂಬ ರಸವು ಹೊರಡುತ್ತದೆ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ. ಜಠರವು ಬರಿದಾಗುವುದನ್ನು ನಿಧಾನಗೊಳಿಸುತ್ತದೆ. ಮಿದುಳಿಗೆ ತೃಪ್ತಿಯ ಸೂಚನೆಯನ್ನು ಮುಟ್ಟಿಸುತ್ತದೆ. ದೇಹದೊಳಗಣ ಈ ರಸದ ಆಯುಸ್ಸು ಕೆಲವೇ ನಿಮಿಷ. ಅದರಂತೆಯೇ ವರ್ತಿಸಿ ದಿನಗಟ್ಟಲೆ ಉಳಿಯುವಂತೆ ರಚಿಸಿದ ಔಷಧವೇ ಸೆಮಾಗ್ಲುಟೈಡ್. ಟಿರ್ಜೆಪಟೈಡ್ ಇದರೊಂದಿಗೆ ಜಿಐಪಿ ಎಂಬ ಇನ್ನೊಂದು ಕರುಳರಸದ ಕೆಲಸವನ್ನೂ ಮಾಡುತ್ತದೆ. ೨೦೨೫ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮಧುಮೇಹವಿಲ್ಲದ ೭೫೧ ಮಂದಿ ಸ್ಥೂಲಕಾಯರಿಗೆ ಈ ಎರಡರಲ್ಲಿ ಒಂದೊಂದನ್ನು ಕೊಟ್ಟು ೭೨ ವಾರಗಳವರೆಗೆ ನೋಡಿದರು. ಟಿರ್ಜೆಪಟೈಡ್ ಪಡೆದವರು ಸರಾಸರಿಯಾಗಿ ತಮ್ಮ ತೂಕದಲ್ಲಿ ನೂರಕ್ಕೆ ೨೦.೨ ಪಾಲನ್ನೂ, ಸೆಮಾಗ್ಲುಟೈಡ್ ಪಡೆದವರು ೧೩.೭ ಪಾಲನ್ನೂ ಕಳೆದುಕೊಂಡರು. ತಕ್ಕಡಿಯೊಂದೇ ಪ್ರಮಾಣವಾದರೆ ತೀರ್ಪು ಆಗಿಹೋಯಿತು. ಆದರೆ ಭಕ್ತನಿಗೆ ತಕ್ಕಡಿಯೊಂದೇ ಪ್ರಮಾಣವಾಗಬಲ್ಲುದೆ ಎಂಬುದೇ ಇಲ್ಲಿಯ ವಿಚಾರ.

ಅದಕ್ಕೂ ಮೊದಲು, ಇಂಥ ಔಷಧವನ್ನು ಭಕ್ತನು ತೆಗೆದುಕೊಳ್ಳಬಹುದೆ ಎಂಬ ಸಂದೇಹವು ಕೆಲವು ಹಿರಿಯರಲ್ಲಿದೆ. ಮಿತಾಹಾರವು ವ್ರತದಿಂದ ಸಾಧಿಸಬೇಕಾದುದು. ಬಾಯನ್ನು ಕಟ್ಟಲಾರದವನು ಸೂಜಿಯಿಂದ ಕಟ್ಟಿಸಿಕೊಳ್ಳುವುದು ಹೇಡಿತನವೆಂದು ಅವರ ಅಭಿಪ್ರಾಯ. ಈ ಮಾತಿನಲ್ಲಿ ಸದುದ್ದೇಶವಿದ್ದರೂ ಸತ್ಯವು ಪೂರ್ಣವಾಗಿಲ್ಲ. ಸ್ಥೂಲಕಾಯರೆಲ್ಲರೂ ಹೊಟ್ಟೆಬಾಕರಲ್ಲ. ವಂಶದಿಂದ ಬಂದ ಗುಣ, ನಿದ್ದೆಗೇಡು, ಕುಳಿತೇ ಮಾಡುವ ಕೆಲಸ, ಬೇರೆ ರೋಗಕ್ಕೆಂದು ಸೇವಿಸುವ ಕೆಲವು ಔಷಧಗಳು, ಇವೆಲ್ಲ ಮೈಯನ್ನು ಬೆಳೆಸುತ್ತವೆ. ಒಮ್ಮೆ ಏರಿದ ತೂಕವನ್ನು ದೇಹವೇ ಕಾಯ್ದುಕೊಳ್ಳುತ್ತದೆ. ಉಪವಾಸದಿಂದ ಇಳಿಸಿದರೆ ಹಸಿವನ್ನು ಹೆಚ್ಚಿಸಿ, ದಹನವನ್ನು ತಗ್ಗಿಸಿ, ಕಳೆದುದನ್ನು ಮರಳಿ ತುಂಬಿಕೊಳ್ಳಲು ಹವಣಿಸುತ್ತದೆ. ಇಂಥವನನ್ನು ಪಂಕ್ತಿಯಲ್ಲಿ ಕುಳಿತು ನಗುವುದು ಮನುಷ್ಯಧರ್ಮವೂ ಅಲ್ಲ, ಶರಣಧರ್ಮವಂತೂ ಅಲ್ಲವೇ ಅಲ್ಲ. ಕಲ್ಯಾಣದ ಶರಣಗಣದಲ್ಲಿ ವೈದ್ಯ ಸಂಗಣ್ಣನವರು ಇದ್ದರು; ರೋಗಿಗೆ ಮದ್ದು ಕೊಡುವುದೇ ಅವರ ಕಾಯಕವಾಗಿತ್ತು. ಮದ್ದು ಕೊಡುವುದು ಕಾಯಕವಾದ ಮೇಲೆ ಮದ್ದನ್ನು ಕೊಳ್ಳುವುದು ಪಾಪವಾಗಲಾರದು. ಆದುದರಿಂದ ಔಷಧವನ್ನು ಕೊಳ್ಳಬಹುದೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಯಾರು, ಯಾವುದಕ್ಕಾಗಿ, ಎಷ್ಟು ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಇದನ್ನು ಒಂದು ಸಂಸಾರದ ದೃಷ್ಟಾಂತದಿಂದ ನೋಡಬಹುದು. ದಾವಣಗೆರೆಯಂಥ ಊರಿನಲ್ಲಿ ಬಟ್ಟೆಯ ಅಂಗಡಿ ಇಟ್ಟುಕೊಂಡ ಗೃಹಸ್ಥನೊಬ್ಬನಿದ್ದಾನೆಂದು ಭಾವಿಸಬಹುದು. ವಯಸ್ಸು ೫೪, ಎತ್ತರ ೧೭೦ ಸೆಂಟಿಮೀಟರು, ತೂಕ ೯೫ ಕಿಲೋಗ್ರಾಂ. ಎರಡು ವರ್ಷಗಳ ಹಿಂದೆ ಹೃದಯಾಘಾತವಾಗಿ ಬದುಕಿಕೊಂಡವನು, ಮಧುಮೇಹವಿಲ್ಲ. ಅವನಿಗೆ ೨೪ ವರ್ಷದ ಮಗಳು. ಎತ್ತರ ೧೫೮ ಸೆಂಟಿಮೀಟರು, ತೂಕ ೬೨ ಕಿಲೋಗ್ರಾಂ. ಯಾವ ರೋಗವೂ ಇಲ್ಲ. ನೋಡಲು ಬಂದ ಬೀಗರ ಕಡೆಯವರೊಬ್ಬರು, ಹುಡುಗಿ ಸ್ವಲ್ಪ ದಪ್ಪವೆಂದು ಅಡುಗೆಮನೆಯ ಬಾಗಿಲಲ್ಲಿ ಮಾತನಾಡಿಕೊಂಡುದು ಅವಳ ಕಿವಿಗೂ ಬಿದ್ದಿತು. ಬೇರೊಂದು ಕಡೆ ಸಂಬಂಧ ಕೂಡಿ, ಆರು ತಿಂಗಳಲ್ಲಿ ಮದುವೆಯೆಂದು ಗೊತ್ತಾಯಿತು. ವೈದ್ಯರು ತಂದೆಗೆ ಚುಚ್ಚುಮದ್ದನ್ನು ಸೂಚಿಸಿದ್ದಾರೆ. ಅಂಗಡಿಯ ಉತ್ಪನ್ನದಲ್ಲಿ ಇಬ್ಬರಿಗೆ ಕೊಳ್ಳುವಷ್ಟು ಅನುಕೂಲವಿಲ್ಲ. ಆಗ ಆ ತಂದೆ, “ನನ್ನದೇನು, ಆಗುವುದೆಲ್ಲ ಆಗಿಹೋಗಿದೆ, ಮೊದಲು ಮಗಳಿಗೆ ಆಗಲಿ. ಎರಡರಲ್ಲಿ ಜೋರಾದುದನ್ನೇ ತರೋಣ, ದಿನ ಕಡಿಮೆ ಇದೆ” ಎನ್ನುತ್ತಾನೆ. ಕೇಳಿದವರಿಗೆ ಇದು ದೊಡ್ಡ ತ್ಯಾಗವೆಂದು ತೋರುತ್ತದೆ. ಇದು ನಿಜವಾಗಿ ತ್ಯಾಗವೆ?

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವು ದಾರಿಯನ್ನು ತೋರಿಸುತ್ತದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ದಂಪತಿಗಳ ಕಾಯಕವು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಾದುದನ್ನು ಇದ್ದಲ್ಲಿಗೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದರು. ಅಕ್ಕಿಯು ಕೆಟ್ಟದಾಗಿರಲಿಲ್ಲ, ಕದ್ದದ್ದೂ ಆಗಿರಲಿಲ್ಲ. ಅಗತ್ಯವನ್ನು ಮೀರಿದ್ದೇ ಅದರ ದೋಷ. ಹೆಚ್ಚು ದೊರೆತುದರಿಂದಲೇ ಅದು ಮೇಲೆಂಬ ಎಣಿಕೆಯನ್ನು ಆ ಮಹಾತಾಯಿ ಮನೆಯ ಹೊಸ್ತಿಲಲ್ಲಿಯೇ ತಡೆದರು. ಔಷಧವನ್ನು ಆರಿಸುವಲ್ಲಿಯೂ ಇದೇ ಅಳತೆ ಸಲ್ಲತಕ್ಕದ್ದು. ನೂರಕ್ಕೆ ೨೦ ಪಾಲು ಇಳಿಸುವುದು ೧೪ ಪಾಲು ಇಳಿಸುವುದಕ್ಕಿಂತ ಮೇಲೆಂದು ಹೇಳುವ ಮುನ್ನ, ಈ ದೇಹಕ್ಕೆ ಎಷ್ಟು ಇಳಿದರೆ ಸಾಕು, ಯಾವ ನೋವು ನೀಗಬೇಕು ಎಂದು ಕೇಳಬೇಕು.

ಹಾಗೆ ಕೇಳಿದಾಗ ಉತ್ತರವು ದೇಹದಿಂದ ದೇಹಕ್ಕೆ ಬೇರೆಯಾಗುತ್ತದೆ. ದೃಷ್ಟಾಂತದ ತಂದೆಯನ್ನೇ ಮೊದಲು ತೆಗೆದುಕೊಳ್ಳಬಹುದು. ೨೦೨೩ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ೧೭,೬೦೪ ಮಂದಿ ಭಾಗವಹಿಸಿದ್ದರು. ಎಲ್ಲರೂ ೪೫ ವರ್ಷ ತುಂಬಿದವರು, ತೂಕ ಹೆಚ್ಚಿದ್ದವರು, ಹೃದಯ ಅಥವಾ ರಕ್ತನಾಳದ ರೋಗವಿದ್ದವರು, ಮಧುಮೇಹವಿಲ್ಲದವರು. ಅವರಲ್ಲಿ ಹುಸಿಮದ್ದು ಪಡೆದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದಿಂದ ಮರಣ ಸಂಭವಿಸಿದುದು ನೂರಕ್ಕೆ ೮ ಮಂದಿಗೆ. ಸೆಮಾಗ್ಲುಟೈಡ್ ಪಡೆದವರಲ್ಲಿ ನೂರಕ್ಕೆ ಆರೂವರೆ ಮಂದಿಗೆ. ಸುಮಾರು ೪೦ ತಿಂಗಳುಗಳಲ್ಲಿ ಕಂಡ ವ್ಯತ್ಯಾಸವಿದು. ನೋಡಲು ಸಣ್ಣದು, ಆದರೆ ಉಳಿದ ಆ ಒಬ್ಬನು ಯಾವುದೋ ಮನೆಯ ಯಜಮಾನನೇ ಸರಿ. ಈ ತಂದೆಯು ಆ ಪರೀಕ್ಷೆಗೆ ಒಳಗಾದವರ ಲಕ್ಷಣಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತಾನೆ. ಟಿರ್ಜೆಪಟೈಡ್ ವಿಷಯದಲ್ಲಿ ೨೦೨೫ರಲ್ಲಿ ಪ್ರಕಟವಾದ ಹೃದ್ರೋಗಪರೀಕ್ಷೆಯು ನಡೆದುದು ಮಧುಮೇಹವೂ ಇದ್ದವರಲ್ಲಿ. ಅಲ್ಲಿ ಅದು ಡುಲಾಗ್ಲುಟೈಡ್ ಎಂಬ ಹಳೆಯ ಔಷಧಕ್ಕೆ ಕಡಿಮೆಯಾಗಲಿಲ್ಲವೆಂದು ತಿಳಿದುಬಂದಿತು. ಹೀಗಿರಲು ಈತನ ವೈದ್ಯರು ತಕ್ಕಡಿಯಲ್ಲಿ ಹಿಂದಾದ ಔಷಧವನ್ನೇ ಆರಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದರಿಂದ ಇನ್ನೊಂದು ಔಷಧವು ಕೀಳೆಂದು ತಿಳಿಯಬಾರದು. ಮೈಭಾರದಿಂದ ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಏಳುವವನಿಗೆ ಟಿರ್ಜೆಪಟೈಡ್ ಸಹಾಯಕವೆಂದು ಕಂಡುಬಂದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೨೪ರ ಡಿಸೆಂಬರಿನಲ್ಲಿ ಆ ರೋಗಕ್ಕೂ ಅದನ್ನು ಅಂಗೀಕರಿಸಿತು. ಮಧುಮೇಹವು ಹತೋಟಿಗೆ ಬಾರದೆ, ತೂಕವೂ ಬಹಳವಾಗಿ ಇಳಿಯಬೇಕಾದವನಿಗೆ ಅದೇ ತಕ್ಕುದಾಗಬಹುದು. ಬೀಗಕ್ಕೆ ತಕ್ಕ ಕೀಲಿಯನ್ನು ಹುಡುಕುವವನು ದೊಡ್ಡ ಕೀಲಿ ಯಾವುದೆಂದು ಕೇಳುವುದಿಲ್ಲ. ಎರಡು ಔಷಧಗಳಿಗೂ ಸಮಾನವಾದ ಕೆಲವು ತೊಡಕುಗಳೂ ಉಂಟು. ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ; ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ ವಿರಳವಾದರೂ ಗಂಭೀರ. ಥೈರಾಯ್ಡ್ ಗ್ರಂಥಿಯ ಮೆಡುಲರಿ ಕ್ಯಾನ್ಸರು ತನಗಾಗಲಿ ಮನೆತನದಲ್ಲಾಗಲಿ ಇದ್ದವರು ಇವನ್ನು ತೆಗೆದುಕೊಳ್ಳಬಾರದು. ಇವನ್ನೆಲ್ಲ ಅಳೆದು ನೋಡುವುದು ವೈದ್ಯರ ಕೆಲಸ. ಚೀಟಿಯಿಲ್ಲದೆ, ನೆರೆಯವರ ಮಾತಿನ ಮೇಲೆ ಕೊಂಡು ಚುಚ್ಚಿಕೊಳ್ಳುವುದು ಕಾಯದ್ರೋಹ.

ಇನ್ನು ಮಗಳ ವಿಷಯ. ತೂಕವನ್ನು ಎತ್ತರಕ್ಕೆ ಹೋಲಿಸಿ ಹಾಕುವ ಲೆಕ್ಕದಲ್ಲಿ ತಂದೆಯ ಸೂಚ್ಯಂಕವು ಸುಮಾರು ೩೩. ಮಗಳದು ೨೫ಕ್ಕೂ ತುಸು ಕಡಿಮೆ. ಈ ಔಷಧಗಳನ್ನು ಅಂಗೀಕರಿಸಿರುವುದು ಸೂಚ್ಯಂಕವು ೩೦ ಮುಟ್ಟಿದವರಿಗೆ, ಅಥವಾ ೨೭ ಮುಟ್ಟಿ ಜೊತೆಗೆ ತೂಕದಿಂದಾದ ರೋಗವೊಂದಿರುವವರಿಗೆ. ಭಾರತೀಯರ ದೇಹಕ್ಕೆ ೨೩ನ್ನು ಮೀರಿದರೆ ಎಚ್ಚರಿಕೆ ಬೇಕೆಂದು ವೈದ್ಯರು ಹೇಳುವುದು ನಿಜ. ಆ ಎಚ್ಚರಿಕೆಗೆ ದಿನದ ನಡಿಗೆ, ಮೈಬಗ್ಗಿಸಿ ಮಾಡುವ ಕೆಲಸ, ಎಣ್ಣೆ ಸಕ್ಕರೆಗಳ ಮಿತಿ ಸಾಕಾಗುತ್ತವೆ; ಸೂಜಿ ಬೇಕಿಲ್ಲ. ಅವಳನ್ನು ನೋಯಿಸುತ್ತಿರುವುದು ರೋಗವಲ್ಲ, ಅಡುಗೆಮನೆಯ ಬಾಗಿಲಲ್ಲಿ ಕೇಳಿದ ಮಾತು. ಆಡಿದವರ ನಾಲಗೆಯ ದೋಷಕ್ಕೆ ಕೇಳಿದವಳ ಹೊಟ್ಟೆಗೆ ಮದ್ದು ಚುಚ್ಚುವುದು ಯಾವ ನ್ಯಾಯ?

ಆತುರವೂ ಇಲ್ಲಿ ಫಲಿಸುವುದಿಲ್ಲ. ಸೆಮಾಗ್ಲುಟೈಡನ್ನು ೦.೨೫ ಮಿಲಿಗ್ರಾಮಿನಿಂದ ಆರಂಭಿಸಿ, ನಾಲ್ಕು ನಾಲ್ಕು ವಾರಕ್ಕೊಮ್ಮೆ ಏರಿಸುತ್ತ, ೨.೪ ಮಿಲಿಗ್ರಾಮಿನ ಪೂರ್ಣಪ್ರಮಾಣವನ್ನು ಮುಟ್ಟುವಾಗ ೧೬ ವಾರ ಕಳೆದಿರುತ್ತವೆ. ಟಿರ್ಜೆಪಟೈಡು ೨.೫ರಿಂದ ೧೫ ಮಿಲಿಗ್ರಾಮಿಗೆ ಏರಲು ೨೦ ವಾರಗಳಾದರೂ ಬೇಕು. ಮುಹೂರ್ತವನ್ನು ನೋಡಿ ಅವಸರದಿಂದ ಏರಿಸಿದರೆ ವಾಂತಿ, ನಿತ್ರಾಣಗಳು ಮುಹೂರ್ತಕ್ಕೇ ಬಂದು ನಿಲ್ಲುತ್ತವೆ. ಮದುವೆಯಾದ ಮೇಲೆ ಔಷಧವನ್ನು ಬಿಡುವುದೆಂದರೆ ಅಲ್ಲಿಯೂ ತೊಡಕುಂಟು. ೨೦೨೨ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೆಮಾಗ್ಲುಟೈಡನ್ನು ನಿಲ್ಲಿಸಿದವರು ಒಂದು ವರ್ಷದೊಳಗೆ, ಇಳಿದ ತೂಕದ ಮೂರರಲ್ಲಿ ಎರಡು ಪಾಲನ್ನು ಮರಳಿ ಪಡೆದಿದ್ದರು. ಬಿಡದೆ ಮುಂದುವರಿಸುವೆನೆಂದರೆ, ಗರ್ಭಿಣಿಯರಿಗೆ ಇವು ನಿಷಿದ್ಧ; ಸೆಮಾಗ್ಲುಟೈಡನ್ನು ಗರ್ಭಧಾರಣೆಗೆ ಎರಡು ತಿಂಗಳಾದರೂ ಮುಂಚೆ ನಿಲ್ಲಿಸಬೇಕು; ಟಿರ್ಜೆಪಟೈಡು ಬಾಯಿಂದ ಸೇವಿಸುವ ಗರ್ಭನಿರೋಧಕ ಗುಳಿಗೆಯ ಬಲವನ್ನು ತಗ್ಗಿಸಬಲ್ಲುದು. ಇದಾವುದನ್ನೂ ತಿಳಿಸದೆ ಹುಡುಗಿಯನ್ನು ಕೊಟ್ಟರೆ, ಹೊಸ ಸಂಸಾರವು ಮರೆಮಾಚಿದ ಮಾತಿನ ಮೇಲೆ ಆರಂಭವಾಗುತ್ತದೆ. ಸತ್ಯಶುದ್ಧತೆಯು ಕಾಯಕಕ್ಕೆ ಮಾತ್ರ ಸಲ್ಲುವ ನಿಯಮವಲ್ಲ; ಮದುವೆಯ ಮಾತುಕತೆಗೂ ಅದು ಬೇಕು.

ಆದುದರಿಂದ ಆ ತಂದೆಯು ಮಾಡಹೊರಟುದು ತ್ಯಾಗವಾಗಿರಲಿಲ್ಲ. ಅಗತ್ಯವಿರುವ ದೇಹದಿಂದ ಔಷಧವನ್ನು ಕಸಿದು, ಅಗತ್ಯವಿಲ್ಲದ ದೇಹಕ್ಕೆ ಹೊರಿಸುವುದು ಅದು. ಪ್ರೀತಿಯಿಂದ ಮಾಡಿದರೂ ಅಪಾತ್ರವಾದ ಕೊಡುಗೆಯು ದಾಸೋಹವಾಗುವುದಿಲ್ಲ. ತನ್ನ ದೇಹವು ತನ್ನದೇ ಆದುದರಿಂದ ಅದನ್ನು ಹೇಗಾದರೂ ಸವೆಸಬಹುದೆಂದು ಅವನು ಎಣಿಸಿದನು. ಆದರೆ ಲಿಂಗಧಾರಿಯ ದೇಹವು ಅವನಿಗೆ ಒಪ್ಪಿಸಿದ ನಿಧಿ. ಅದನ್ನು ಕಾಪಾಡಿಕೊಳ್ಳುವುದು ಸ್ವಾರ್ಥವಾಗುವುದಿಲ್ಲ. ಮಗಳ ಮದುವೆಯ ಮರುವರ್ಷವೂ ಅವಳಿಗೆ ತವರುಮನೆ ಬೇಕು. ಆ ಮನೆಯಲ್ಲಿ ತಂದೆ ಬೇಕು.

ಹಣದ ವಿಚಾರವನ್ನೂ ಬಿಡುವಂತಿಲ್ಲ. ಬಿಡುಗಡೆಯಾದ ಕಾಲದಲ್ಲಿ ಮೌಂಜಾರೊ ಔಷಧದ ೨.೫ ಮಿಲಿಗ್ರಾಮಿನ ಒಂದು ಸೀಸೆಗೆ ೩,೫೦೦ ರೂಪಾಯಿ, ೫ ಮಿಲಿಗ್ರಾಮಿನದಕ್ಕೆ ೪,೩೭೫ ರೂಪಾಯಿ ಇತ್ತು. ತಿಂಗಳಿಗೆ ಅಂಥವು ನಾಲ್ಕು ಬೇಕು. ಸೆಮಾಗ್ಲುಟೈಡಿನ ಪೇಟೆಂಟು ಭಾರತದಲ್ಲಿ ೨೦೨೬ರ ಮಾರ್ಚಿನಲ್ಲಿ ಮುಗಿದುದರಿಂದ ಬೇರೆ ಕಂಪನಿಗಳೂ ಅದನ್ನು ತಯಾರಿಸಲು ದಾರಿ ತೆರೆಯಿತು. ಬೆಲೆ ಇಳಿಯುವುದು ಬಡರೋಗಿಗೆ ಉಪಕಾರವೇ. ಆದರೆ ಅಗ್ಗವಾದುದು ಅಗತ್ಯವಿಲ್ಲದವನ ಕೈಗೂ ಬೇಗನೆ ಸಿಗುತ್ತದೆ. ಅಲ್ಲದೆ ಇದು ಹತ್ತು ದಿನದ ಕಷಾಯವಲ್ಲ. ಆರಂಭಿಸಿದವನು ವರ್ಷಗಟ್ಟಲೆ ನಡೆಸಬೇಕಾದೀತು. ಆದುದರಿಂದ ಗೃಹಸ್ಥನು ಮೊದಲ ತಿಂಗಳ ಬೆಲೆಯನ್ನು ನೋಡದೆ ಮೂರು ವರ್ಷದ ವೆಚ್ಚವನ್ನು ಕೂಡಿಸಿ ನೋಡತಕ್ಕದ್ದು. ಮಕ್ಕಳ ವಿದ್ಯೆಗೂ ಮನೆಗೆ ಬಂದ ಜಂಗಮಕ್ಕೂ ಅದರಿಂದ ಏನು ಕಡಿಮೆಯಾದೀತೆಂದು ಹೆಂಡತಿಯೊಡನೆ ಕುಳಿತು ಎಣಿಸತಕ್ಕದ್ದು. ಕೊಂಚ ಕಡಿಮೆ ಇಳಿಸಿದರೂ ನಿಲ್ಲದೆ ನಡೆಸಬಲ್ಲ ಔಷಧವು, ಹೆಚ್ಚು ಇಳಿಸಿ ನಡುವೆ ನಿಂತುಹೋಗುವ ಔಷಧಕ್ಕಿಂತ ಲೇಸು.

ಕೊನೆಗೆ ಹಸಿವಿನ ಮಾತು. ಈ ಔಷಧವನ್ನು ಪಡೆದ ಅನೇಕರು, ಸದಾ ಅನ್ನವನ್ನೇ ನೆನೆಯುತ್ತಿದ್ದ ಮನಸ್ಸು ಒಮ್ಮೆಗೇ ಸುಮ್ಮನಾಯಿತೆಂದು ಹೇಳುತ್ತಾರೆ. ಹಾಗಾದರೆ ಜಿಹ್ವೆಯನ್ನು ಗೆದ್ದಂತಾಯಿತೆ? ಆಗಲಿಲ್ಲ. ಹಸಿವು ಅಡಗುವುದು ಬೇರೆ, ಆಸೆ ಅಳಿಯುವುದು ಬೇರೆ. ಸೂಜಿಯು ಜಠರವನ್ನು ಸುಮ್ಮನಾಗಿಸಬಲ್ಲುದು. ಹೊನ್ನಿನ, ಮನ್ನಣೆಯ, ಪರರ ಕಣ್ಣಿಗೆ ಚೆಲುವಾಗಿ ತೋರಬೇಕೆಂಬ ಹಸಿವನ್ನು ಅದು ಮುಟ್ಟಲಾರದು. ಷಟ್‌ಸ್ಥಲದಲ್ಲಿ ಪ್ರಸಾದಿಸ್ಥಲದ ಭಕ್ತಿಯನ್ನು ಅವಧಾನಭಕ್ತಿಯೆಂದು ಕರೆದಿದ್ದಾರೆ. ಪ್ರತಿಯೊಂದು ತುತ್ತನ್ನೂ ಎಚ್ಚರದಿಂದ ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವುದೇ ಅದರ ಲಕ್ಷಣ. ಔಷಧವು ಕೊಡುವ ಮೌನವು ಈ ಅವಧಾನಕ್ಕೆ ಬಿಡುವನ್ನು ಒದಗಿಸುತ್ತದೆ. ಅವಧಾನವನ್ನು ಮಾತ್ರ ಭಕ್ತನೇ ತರಬೇಕು. ಆ ಬಿಡುವಿನಲ್ಲಿ ಊಟದ ಕ್ರಮವನ್ನೂ ನಡಿಗೆಯನ್ನೂ ರೂಢಿಸಿಕೊಂಡವನಿಗೆ ಔಷಧವು ಊರುಗೋಲು. ರೂಢಿಸಿಕೊಳ್ಳದವನಿಗೆ ಅದು ಬರಿಯ ಸಾಲ, ನಿಲ್ಲಿಸಿದ ದಿನವೇ ತೀರಿಸಬೇಕಾದುದು.

ಇದಕ್ಕೆ ನಿತ್ಯದ ಬಾಳಿನಲ್ಲಿ ಎರಡು ಎಚ್ಚರಗಳು ಅವಶ್ಯಕ. ತೂಕವು ವೇಗವಾಗಿ ಇಳಿಯುವಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಮೈಸಣ್ಣಗಾಗಿ ಕೈಬಲವೂ ಕುಂದಿದರೆ ಕಾಯಕಕ್ಕೆ ನಷ್ಟ. ಉಣ್ಣುವುದು ಸ್ವಲ್ಪವಾದಾಗ ಅದರಲ್ಲಿ ಬೇಳೆ, ಹೆಸರುಕಾಳು, ಕಡಲೆ, ಮೊಸರು ಮೊದಲು ಸೇರಬೇಕು. ಭಾರವೆತ್ತುವ ಕೆಲಸವನ್ನು ಬಿಡಬಾರದು. ಎರಡನೆಯದು ಪಂಕ್ತಿಗೆ ಸಂಬಂಧಪಟ್ಟುದು. ಪ್ರಸಾದವನ್ನು ಎಲೆಯಲ್ಲಿ ಉಳಿಸಬಾರದೆಂಬುದು ನೇಮವಷ್ಟೆ. ಔಷಧವನ್ನು ಪಡೆಯುವವನು ಮೊದಲೇ ಕೈಯೊಡ್ಡಿ ಸ್ವಲ್ಪವನ್ನೇ ನೀಡಿಸಿಕೊಳ್ಳಲಿ. ಬಡಿಸುವವರೂ ಇನ್ನೊಂದು ಹೋಳಿಗೆಗೆ ಒತ್ತಾಯಮಾಡದಿರಲಿ. ಬೇಡವೆಂದವನ ಎಲೆಗೆ ಸುರಿಯುವುದು ಉಪಚಾರವಲ್ಲ. ಅದು ಲಕ್ಕಮ್ಮನವರು ಹಿಂದಕ್ಕೆ ಕಳುಹಿದ ಅಕ್ಕಿ.

ಹೀಗೆ ವಿಚಾರಮಾಡಿದಾಗ ಎರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಯು ಮೂರು ಪ್ರಶ್ನೆಗಳಾಗಿ ಒಡೆಯುತ್ತದೆ. ಈ ದೇಹದ ಯಾವ ನೋವನ್ನು ಇದು ನೀಗುವುದು? ಇದನ್ನು ಎಷ್ಟು ಕಾಲ, ಯಾರ ಪಾಲನ್ನೂ ಕಸಿಯದೆ ನಡೆಸಬಹುದು? ಇದನ್ನು ತೆಗೆದುಕೊಳ್ಳುತ್ತಿರುವೆನೆಂದು ಸಂಬಂಧಪಟ್ಟವರ ಮುಂದೆ ಅಂಜದೆ ಹೇಳಬಹುದೆ? ಮೂರಕ್ಕೂ ನೇರವಾದ ಉತ್ತರವುಳ್ಳವನು ವೈದ್ಯರ ಮಾತಿನಂತೆ ನಡೆಯಲಿ. ಅವನ ಸೂಜಿಯು ಅವನ ಭಕ್ತಿಗೆ ಕುಂದನ್ನು ತರಲಾರದು. ಒಂದಕ್ಕಾದರೂ ತಡವರಿಸುವವನು ಇನ್ನೂ ಸ್ವಲ್ಪ ಕಾಲ ಕಾಯಲಿ.

ದೃಷ್ಟಾಂತದ ಆ ತಂದೆಯೂ ಈ ಮೂರನ್ನು ತನಗೆ ತಾನೇ ಕೇಳಿಕೊಳ್ಳಲಿ. ಆಗ ಔಷಧವು ಅವನ ಪಾಲಿಗೇ ಉಳಿಯುತ್ತದೆ. ಮಗಳೊಡನೆ ಕುಳಿತು, “ನಿನ್ನ ಮೈಯಲ್ಲಿ ಕುಂದಿಲ್ಲ, ತಾಯಿ, ಮಾತನಾಡಿದವರ ಬಾಯಲ್ಲಿತ್ತು” ಎಂಬೊಂದು ಮಾತನ್ನು ಅವನು ಹೇಳಬೇಕಾಗುತ್ತದೆ. ಅದು ಯಾವ ಅಂಗಡಿಯಲ್ಲಿಯೂ ದೊರೆಯದ ಮದ್ದು; ಅದನ್ನು ಕೊಡಬಲ್ಲವನು ಅವಳ ತಂದೆಯೇ.